ಸೋಲಿನ ಸಿಟ್ಟಿನ ಮೇಲೆ ಮೈತ್ರಿ ಧ್ಯಾನ ಕೂರುತ್ತಿಲ್ಲ, ತಪ್ಪೆಲ್ಲಿ?

ತಿಳಿನೀರು:

ಜೈಭೀಮ್, ನಮೋ ಬುದ್ಧಾಯ.

ನಮ್ಮದು ತಾಲ್ಲೂಕು ಕೇಂದ್ರದ ಸಣ್ಣ ಬೌದ್ಧ ವಿಹಾರ. ಭಾನುವಾರ ಬೆಳಿಗ್ಗೆ ಹದಿನೈದಿಪ್ಪತ್ತು ಜನ ಸೇರುತ್ತಾರೆ. ತ್ರಿಸರಣ, ಪಂಚಶೀಲ, ಅರ್ಧ ಗಂಟೆ ಮೈತ್ರಿ ಧ್ಯಾನ (ಎಲ್ಲರಿಗೂ ಒಳಿತು ಹಾರೈಸುವುದು), ಆಮೇಲೆ ಓದು. ಚುನಾವಣೆಯಲ್ಲಿ ನೆಚ್ಚಿಕೊಂಡವರು ಸೋತ ಮೇಲೆ ಗುಂಪು ಎರಡು ಹೋಳಾಗಿದೆ. "ರಾಮ ಆಳಿದರೂ ರಾವಣ ಆಳಿದರೂ ರಾಗಿ ಬೀಸೋದು ತಪ್ಪೀತೆ, ಉಪೇಕ್ಷೆ, ಅಂದರೆ ಸಮಚಿತ್ತ, ಇಟ್ಟುಕೊಂಡು ಸುಮ್ಮನೆ ಕೂರೋಣ" ಅನ್ನುವವರು ಒಂದು ಕಡೆ. "ಕಣ್ಣು ಮುಚ್ಚಿ ಕೂತರೆ ಗೆದ್ದವರಿಗೇ ಅನುಕೂಲ" ಅನ್ನುವವರು ಇನ್ನೊಂದು ಕಡೆ. ಫಲಿತಾಂಶ ಬಂದ ವಾರದಿಂದ ಗೆದ್ದವರನ್ನೇ ಎದುರಿಗಿಟ್ಟುಕೊಂಡು ಮೈತ್ರಿ ಮಾಡಿಸುತ್ತಿದ್ದೇವೆ. ಬಾಯಲ್ಲಿ "ಸುಖಿಯಾಗಿರಲಿ", ಹೊಟ್ಟೆಯಲ್ಲಿ ಬೆಂಕಿ.

ಬಲ್ಲವರು ಹೇಳಿ: ಧ್ಯಾನದಲ್ಲಿ ಎಲ್ಲಿ ಎಡವುತ್ತಿದ್ದೇವೆ? ಉಪೇಕ್ಷೆ ಅಂದರೆ ಇದೇನಾ? ವಾರಕ್ಕೆ ಎರಡು ಗಂಟೆ ಕೊಡಬಲ್ಲ ಇಪ್ಪತ್ತು ಜನರಿಂದ ಊರಿಗೆ ಏನಾದರೂ ಆಗುವಂಥ ಕೆಲಸ ಯಾವುದು?

ಪಾಲಿ ಓದುಗ:

ನೀವು ಕಟ್ಟಕಡೆಯ ಮೆಟ್ಟಿಲಿಂದ ಹತ್ತುತ್ತಿದ್ದೀರಿ, ತಪ್ಪು ಅಲ್ಲೇ ಇದೆ.

5ನೇ ಶತಮಾನದಲ್ಲಿ ಬುದ್ಧಘೋಷ ಬರೆದ ವಿಸುದ್ಧಿಮಗ್ಗ ಎಂಬ ಪಾಲಿ ಗ್ರಂಥದಲ್ಲಿ ಮೈತ್ರಿಗೆ ಒಂದು ಕ್ರಮವಿದೆ. ಮೊದಲು ತಾನು, ಆಮೇಲೆ ಗೌರವ ಹುಟ್ಟಿಸುವ ಗುರುಸಮಾನರು, ಆಮೇಲೆ ತೀರಾ ಆಪ್ತರು, ಆಮೇಲೆ ಬೇಕೂ ಅಲ್ಲದ ಬೇಡವೂ ಅಲ್ಲದ ಒಬ್ಬರು, ಎಲ್ಲ ಆದ ಮೇಲೆ ವೈರಿ. ವೈರಿಯಿಂದ ಶುರು ಮಾಡಬೇಡಿ ಎಂದು ಅಲ್ಲಿ ನೇರವಾಗಿಯೇ ಹೇಳಿದೆ, ಮಾಡಿದರೆ ಸಿಟ್ಟೇ ಎದ್ದು ಕೂರುತ್ತದೆ. ಇನ್ನೊಂದು ಮಾತು. ಗುರುಸ್ಥಾನದಲ್ಲಿ ಬಾಬಾಸಾಹೇಬರನ್ನೇ ಇಟ್ಟುಕೊಳ್ಳುವವರು ನಮ್ಮಲ್ಲಿ ಬಹಳ. ಗೌರವಕ್ಕೆ ಅಡ್ಡಿಯಿಲ್ಲ, ಆದರೆ ತೀರಿಹೋದವರನ್ನು ಎದುರಿಗಿಟ್ಟುಕೊಂಡರೆ ಮೈತ್ರಿ ಧ್ಯಾನ ಪೂರ್ತಿ ಏಕಾಗ್ರತೆಗೆ ಮುಟ್ಟುವುದಿಲ್ಲ ಎಂದೂ ಅದೇ ಗ್ರಂಥ ಹೇಳುತ್ತದೆ. ಬದುಕಿರುವ ಮೇಷ್ಟರನ್ನೋ ಅಕ್ಕನನ್ನೋ ಇಟ್ಟುಕೊಳ್ಳಿ.

ಅರ್ಧ ಗಂಟೆಯನ್ನು ಹೀಗೆ ಹಂಚಿ: 5 ನಿಮಿಷ ಉಸಿರು ಹದಕ್ಕೆ ಬರಲಿ, 10 ನಿಮಿಷ ತನಗೆ ಮತ್ತು ಗುರುಸಮಾನರಿಗೆ, 5 ನಿಮಿಷ ಆಪ್ತರೊಬ್ಬರಿಗೆ, ಉಳಿದ 10 ನಿಮಿಷ ಆ ಬೇಕೂ ಬೇಡವೂ ಅಲ್ಲದ ವ್ಯಕ್ತಿಗೆ. ನಿಜವಾದ ಕಸರತ್ತು ಈ ಕೊನೆಯ ಹತ್ತು ನಿಮಿಷದಲ್ಲಿದೆ. ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚಿದ ಸಿಬ್ಬಂದಿ, ಬಸ್ಸಿನ ಕಂಡಕ್ಟರು, ಹೀಗೆ ಮುಖ ನೆನಪಿರುವ ಒಬ್ಬರು ಸಾಕು. ಮೊದಲ ತಿಂಗಳು ಗೆದ್ದವರ ಸುದ್ದಿಯೇ ಬೇಡ. ಆಮೇಲೆ ಅವರ ಪೈಕಿ ಒಬ್ಬರನ್ನು, ಒಬ್ಬರನ್ನು ಮಾತ್ರ, ತನ್ನಿ. ಪಕ್ಷವನ್ನು ತರಬೇಡಿ, ಪಕ್ಷಕ್ಕೆ ಹಲ್ಲುನೋವು ಬರುವುದಿಲ್ಲ. ಸಿಟ್ಟೆದ್ದರೆ ಹಿಂದಿನ ಮೆಟ್ಟಿಲಿಗೆ ಇಳಿದು, ಮನಸ್ಸು ಮೆತ್ತಗಾದ ಮೇಲೆ ಮತ್ತೆ ಹತ್ತಬೇಕು. ಇಳಿಯುವುದು ಸೋಲಲ್ಲ, ವಿಧಾನ ಇರುವುದೇ ಹಾಗೆ.

ಆದರೂ ಬಗ್ಗದಿದ್ದರೆ ಅದೇ ಅಧ್ಯಾಯದಲ್ಲಿ ಮದ್ದುಗಳ ಸಾಲೇ ಇದೆ. ಆ ವ್ಯಕ್ತಿಯ ನಡೆ, ನುಡಿ, ಮನಸ್ಸು ಈ ಮೂರರಲ್ಲಿ ಯಾವುದು ಒಂದಿಷ್ಟು ನೆಟ್ಟಗಿದೆಯೋ ಅದನ್ನೇ ಹಿಡಿದು ನೆನೆಯಿರಿ ಅನ್ನುವುದೊಂದು. "ನೀನು ಸಿಟ್ಟಾಗಿರುವುದು ಅವನ ಕೂದಲ ಮೇಲೋ, ಉಗುರಿನ ಮೇಲೋ, ಮೈಯ ನೀರಿನಂಶದ ಮೇಲೋ" ಎಂದು ಬಿಡಿಸಿ ಬಿಡಿಸಿ ಕೇಳಿಕೊಳ್ಳುವುದು ಇನ್ನೊಂದು. ಓದುವಾಗ ನಗು ಬರುತ್ತದೆ, ಮಾಡಿದರೆ ಕೆಲಸ ಮಾಡುತ್ತದೆ. ಕಟ್ಟಕಡೆಯದು ಕೊಡು-ಕೊಳ್ಳು: ವೈರಿಗೆ ಏನಾದರೂ ಕೊಡು, ಅವನು ಕೊಟ್ಟದ್ದನ್ನು ತಗೋ. ಎದುರು ಪಕ್ಷಕ್ಕೆ ದುಡಿದ ಪಕ್ಕದ ಮನೆಯವರಿಗೆ ಒಂದು ಬಟ್ಟಲು ಸಾರು ಕಳಿಸಿ, ಬಟ್ಟಲು ವಾಪಸ್ ಬರುವಾಗ ಅದರಲ್ಲಿ ಏನಿದ್ದರೂ ತಿನ್ನಿ.

ಮೈತ್ರಿ ಕೂತಿದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆ ಇನ್ನೂ ಚೆನ್ನಾಗಿದೆ. ನೀವು, ನಿಮ್ಮ ಆಪ್ತ, ಮಧ್ಯಸ್ಥ, ವೈರಿ ನಾಲ್ವರೂ ಕೂತಿದ್ದೀರಿ. ಡಕಾಯಿತರು ಬಂದು ಬಲಿಗೆ ಒಬ್ಬನನ್ನು ಕೊಡಿ ಅನ್ನುತ್ತಾರೆ. ವೈರಿಯನ್ನು ತೋರಿಸಿದರೆ ಅನುತ್ತೀರ್ಣ, ಅದು ಗೊತ್ತೇ ಇದೆ. "ನನ್ನನ್ನೇ ಒಯ್ಯಿರಿ" ಅಂದರೂ ಅನುತ್ತೀರ್ಣ. ನಾಲ್ವರಲ್ಲಿ ಯಾರನ್ನೂ ಕೊಡಬೇಕೆನಿಸದಿದ್ದರೆ ಮಾತ್ರ ತನ್ನವರು-ಪರರು ಎಂಬ ಗಡಿ ಒಡೆದಿದೆ ಎಂದು ಲೆಕ್ಕ. ಊರಿಗಾಗಿ ಊಟ ನಿದ್ದೆ ಬಿಟ್ಟು ಮೂರು ತಿಂಗಳಲ್ಲಿ ಮಲಗಿಬಿಡುವ ಕಾರ್ಯಕರ್ತರು ಈ ಎರಡನೆಯದನ್ನು ಎರಡು ಸಲ ಓದಬೇಕು.

ಇನ್ನು ಉಪೇಕ್ಷೆ. ಮೈತ್ರಿ, ಕರುಣೆ, ಮುದಿತೆ (ಪರರ ಸುಖಕ್ಕೆ ಸಂತಸ), ಉಪೇಕ್ಷೆ ಎಂಬ ನಾಲ್ಕು ಬ್ರಹ್ಮವಿಹಾರಗಳಲ್ಲಿ ಒಂದೊಂದಕ್ಕೂ ದೂರದ ಶತ್ರು ಒಂದು, ಹತ್ತಿರದ ಶತ್ರು ಒಂದು. ದೂರದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ಹತ್ತಿರದ್ದು ಅದೇ ವೇಷ ಹಾಕಿಕೊಂಡು ಬರುತ್ತದೆ. ಕರುಣೆಯ ದೂರದ ಶತ್ರು ಹಿಂಸೆ, ಹತ್ತಿರದ ಶತ್ರು ದುಃಖ, ಅಂದರೆ ಬಯಸಿದ್ದು ಸಿಗಲಿಲ್ಲ, ಇದ್ದದ್ದು ಹೋಯಿತು ಎಂಬ ಸಂಸಾರಿಯ ಅಳಲು. ಉಪೇಕ್ಷೆಯ ಹತ್ತಿರದ ಶತ್ರು ಅಜ್ಞಾನದ ಉದಾಸೀನ. "ರಾಗಿ ಬೀಸೋದು ತಪ್ಪೀತೆ" ಅನ್ನುವುದು ಇದೇ. ಅತ್ತ ದಿನವಿಡೀ ಫೋನಿನಲ್ಲಿ ಸುದ್ದಿ ನೋಡಿ ಮರುಗುವುದೂ ಕರುಣೆಯಲ್ಲ, ಅದರ ನೆರೆಮನೆಯ ಶತ್ರು. ನಿಮ್ಮ ಎರಡೂ ಹೋಳುಗಳಿಗೆ ಒಂದೊಂದು ಶತ್ರು ಸಿಕ್ಕಿದೆ, ಅಷ್ಟೇ. ಪರೀಕ್ಷೆ ಸುಲಭ: ನಿಮ್ಮ ಕರುಣೆಯ ಎದುರಿಗೆ ನೋವು ಪಡುತ್ತಿರುವ ಒಬ್ಬರ ಮುಖ ಇದೆಯೋ, ಅಥವಾ ಸೋತ ಪಕ್ಷದ ಚಿಹ್ನೆ ಇದೆಯೋ?

ಅರ್ಜಿ ಗುಮಾಸ್ತ:

ಮೇಲಿನವರು ಕೊನೆಗೆ ಕೇಳಿದ ಪ್ರಶ್ನೆಯಿಂದಲೇ ನನ್ನ ಉತ್ತರ ಶುರು. ಒಂದು ಮುಖ ಆರಿಸಿ. "ಭ್ರಷ್ಟಾಚಾರ ನಿರ್ಮೂಲನೆ" ಎಂದು ಶುರು ಮಾಡಿದರೆ ಮೂರನೇ ವಾರಕ್ಕೆ ನಾಲ್ಕು ಜನ ಉಳಿಯುತ್ತೀರಿ. ಒಬ್ಬ ನೊಂದವರು, ಒಂದು ಕಚೇರಿ, ಒಂದು ಕಾಗದ, ಇಷ್ಟಕ್ಕೆ ಕಟ್ಟಿಕೊಳ್ಳಿ.

ಹತ್ತಿರದ ಉದಾಹರಣೆ, ನಿಂತುಹೋದ ವಿಧವಾ ವೇತನ. ಮೊದಲ ಭಾನುವಾರ ಆ ತಾಯಿಯ ಮನೆಗೆ ಇಬ್ಬರು ಹೋಗಿ, ಇಪ್ಪತ್ತು ಜನ ಬೇಡ. ಮಂಜೂರಾತಿ ಆದೇಶದ ಪ್ರತಿ, ಪಾಸ್‌ಬುಕ್ಕು, ಆಧಾರ್, ರೇಷನ್ ಕಾರ್ಡು ಈ ನಾಲ್ಕನ್ನು ಚಾಪೆಯ ಮೇಲೆ ಪಕ್ಕಪಕ್ಕ ಹರಡಿ, ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಒಂದರಲ್ಲಿ "ಲಕ್ಷ್ಮವ್ವ", ಇನ್ನೊಂದರಲ್ಲಿ "ಲಕ್ಷ್ಮೀಬಾಯಿ" ಎಂದಿದ್ದರೆ ಗಂಟು ಅಲ್ಲೇ ಬಿದ್ದಿರಬಹುದು. ಕೊನೆಯ ಜಮೆ ಯಾವ ತಿಂಗಳು ಎಂದು ಗುರುತು ಹಾಕಿಕೊಳ್ಳಿ. ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ. ಎಷ್ಟೋ ಸಲ ದುಡ್ಡು ನಿಂತಿರುವುದಿಲ್ಲ, ಆಕೆ ಮರೆತ ಹಳೆಯ ಖಾತೆಗೆ ಹೋಗುತ್ತಿರುತ್ತದೆ. ಪರಿಶೀಲನೆಗೆ ಬಂದ ದಿನ ಮನೆಯಲ್ಲಿ ಇಲ್ಲದ್ದಕ್ಕೆ "ವಾಸವಿಲ್ಲ" ಎಂದು ಬರೆದುಕೊಂಡು ಹೋಗಿರುವುದೂ ಉಂಟು.

ಎರಡನೇ ವಾರ ತಹಶೀಲ್ದಾರರಿಗೆ ಒಂದೇ ಪುಟದ ಅರ್ಜಿ. ಬಯ್ಗುಳ ಬೇಡ, ಇತಿಹಾಸ ಬೇಡ: ಆದೇಶ ಸಂಖ್ಯೆ, ನಿಂತ ತಿಂಗಳು, ಕೋರಿಕೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಟಪಾಲು ಶಾಖೆಯ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡೇ ಬನ್ನಿ. ಇದು ಬಿಟ್ಟರೆ ಉಳಿದದ್ದೆಲ್ಲ ನೀರಲ್ಲಿ ಹೋಮ. "ನೋಡ್ತೀವಿ ಬಿಡಿ" ಎಂಬುದಕ್ಕೆ ದಿನಾಂಕವಿಲ್ಲ, ಮೊಹರಿಗಿದೆ. ಆಗುವುದಿಲ್ಲ ಅಂದರೆ ಲಿಖಿತ ಹಿಂಬರಹ ಕೇಳಿ. ಕೆಲಸ ಸಕಾಲ (ಗಡುವಿನೊಳಗೆ ಸೇವೆ ಕೊಡಿಸುವ ರಾಜ್ಯ ಕಾಯ್ದೆ) ಪಟ್ಟಿಯಲ್ಲಿದ್ದರೆ ಅರ್ಜಿಯ ಗುರುತಿಗೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕೊಡಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ, ಅರ್ಜಿದಾರರಿಗೆ ಸಲ್ಲುತ್ತದೆ. ಮೊತ್ತ ಸಣ್ಣದು, ಆದರೆ ತಡಮಾಡಿದ ಸಿಬ್ಬಂದಿಯ ಸಂಬಳದಿಂದ ಬರುವುದರಿಂದ ಚುರುಕು ಮುಟ್ಟುತ್ತದೆ.

ಹಿಂಬರಹವೂ ಇಲ್ಲ, ಕೆಲಸವೂ ಇಲ್ಲ ಅಂದಾಗ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಪಿಂಚಣಿ, ಚರಂಡಿ, ಬೀದಿದೀಪ ಮೂರನ್ನೂ ಒಂದರಲ್ಲಿ ತುರುಕಿದ ಅರ್ಜಿ ತಿರಸ್ಕಾರಕ್ಕೆ ತಾನೇ ದಾರಿ ಮಾಡಿಕೊಡುತ್ತದೆ. "ಯಾಕೆ ಕೊಟ್ಟಿಲ್ಲ" ಎಂದು ಕೇಳಬೇಡಿ. ಕಡತದಲ್ಲಿ ಇರುವುದನ್ನು ಕೊಡಬೇಕೇ ಹೊರತು ಕಾರಣ ಸೃಷ್ಟಿಸಿ ಕೊಡುವ ಹೊಣೆ ಅವರಿಗಿಲ್ಲ. "ಇಂಥ ದಿನಾಂಕದ, ಇಂಥ ಸಂಖ್ಯೆಯ ಅರ್ಜಿಯ ಮೇಲೆ ಈವರೆಗೆ ಬರೆದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು" ಎಂದು ಕೇಳಿ. ಮಾಹಿತಿ ಯಾಕೆ ಬೇಕು ಎಂದು ಅವರೂ ನಿಮ್ಮನ್ನು ಕೇಳುವಂತಿಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಪ್ರಥಮ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಈ ಮೂರು ತಾರೀಖುಗಳನ್ನು ವಿಹಾರದ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಹೆಚ್ಚಿನ ಗುಂಪುಗಳು ಸೋಲುವುದು ಅಧಿಕಾರಿಗಳಿಂದಲ್ಲ, ಈ ಮೂರರಲ್ಲಿ ಎರಡನೆಯದನ್ನು ಮರೆತು.

ರಸ್ತೆ, ಚರಂಡಿ ಕಾಮಗಾರಿಗಾದರೆ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟ, ಪಾವತಿ ಬಿಲ್ಲು ಕೇಳಿ. ಅಳತೆ ಪುಸ್ತಕ ಕೈಗೆ ಬಂದ ಮೇಲೆ ಟೇಪು ಹಿಡಿದು ಹೋಗಿ ಉದ್ದ ಅಗಲ ನೀವೇ ಅಳೆಯಬಹುದು. ಇದರಷ್ಟು ಮನಸ್ಸು ತಣ್ಣಗಾಗಿಸುವ ಧ್ಯಾನ ನನಗೆ ಬೇರೆ ಗೊತ್ತಿಲ್ಲ.

ಹಳ್ಳಿಯಾದರೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ನಿಮ್ಮ ಇಪ್ಪತ್ತು ಜನರೂ ಭಾಷಣ ಮಾಡಬೇಡಿ. ಒಬ್ಬರು ಮಾತಾಡಲಿ, ಇಬ್ಬರು ಬರೆದುಕೊಳ್ಳಲಿ. ಠರಾವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಜನ ಏಳುವ ಮೊದಲೇ ಓದಿ ಹೇಳುವಂತೆ ಕೇಳಿ. ಸಭೆ ಮುಗಿದ ಮೇಲೆ "ಬರ್ಕೋತೀವಿ" ಅಂದದ್ದು ಬೇರೆ ಏನೋ ಆಗಿ ಬರೆದಿರುತ್ತದೆ.

ಮತದಾರರ ಪಟ್ಟಿ ಐದು ವರ್ಷಕ್ಕೊಮ್ಮೆಯ ಕೆಲಸ ಅಂದುಕೊಳ್ಳಬೇಡಿ. 18 ತುಂಬಿದವರಿಗೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ ನಮೂನೆ 8, ತೆಗೆಸಲು ನಮೂನೆ 7. ಬೀದಿಯ ಪಟ್ಟಿ ಹಿಡಿದು ಮನೆ ಮನೆ ಹೋಗುವಾಗ ಎದುರು ಪಕ್ಷದವರ ಮನೆಯನ್ನು ಹಾರಿಸಬೇಡಿ. ಆ ಮನೆ ಹುಡುಗಿಯ ನಮೂನೆ 6 ತುಂಬಿಸಿಕೊಟ್ಟರೆ, ಮೇಲೆ ಹೇಳಿದ ಸಾರಿನ ಬಟ್ಟಲೂ ಅದೇ.

ಕೊಡಲಿಕಾವು:

ಎಲ್ಲ ಸರಿ, ಒಂದು ತಕರಾರಿದೆ. ಒದೆ ತಿಂದವನಿಗೇ ಕರುಣೆ ಕಲಿಸುವುದು ಒದ್ದವನಿಗೆ ಬಹಳ ಹಿಡಿಸುವ ಪಾಠ. ಗರಗಸದಿಂದ ಕೈಕಾಲು ಕುಯ್ದರೂ ಮನಸ್ಸು ಕೆಡಿಸಿಕೊಳ್ಳಬೇಡ ಎನ್ನುತ್ತದೆ ಬುದ್ಧರ ಉಪದೇಶಗಳಲ್ಲಿ ಒಂದಾದ ಕಕಚೂಪಮ ಸುತ್ತ. ಅದನ್ನು ದಲಿತ ಕೇರಿಯಲ್ಲಿ ಯಾವ ಮುಖ ಇಟ್ಟುಕೊಂಡು ಓದೋದು? ಪಿಂಚಣಿ ಅರ್ಜಿ ಬರೆಯುತ್ತಾ ಕೂತರೆ ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯೇ ಮರೆತುಹೋಗುತ್ತದೆ.

ಸನ್ನತಿ ಕಡೆಯವ:

ತಕರಾರು ನ್ಯಾಯವಾದದ್ದು. ಆದರೆ ಆ ಸುತ್ತದಲ್ಲಿ ಮನಸ್ಸು ಕೆಡಿಸಿಕೊಳ್ಳಬೇಡ ಎಂದಿದೆ, ಗರಗಸ ಕಿತ್ತುಕೊಳ್ಳಬೇಡ ಎಂದಿಲ್ಲ. ಕಿತ್ತುಕೊಳ್ಳುವ ಕ್ರಮವೂ ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕದಲ್ಲಿದೆ. ಅದರ ಹೆಸರು ಪತ್ತನಿಕ್ಕುಜ್ಜನ, ಅಂದರೆ ಭಿಕ್ಷಾಪಾತ್ರೆ ಬೋರಲು ಹಾಕುವುದು. ಸಂಘಕ್ಕೆ ಕೇಡು ಬಗೆದ ಗೃಹಸ್ಥನ ಕೈಯಿಂದ ಭಿಕ್ಷೆ ತೆಗೆದುಕೊಳ್ಳುವುದಿಲ್ಲ ಎಂದು ಸಂಘ ಸೇರಿ, ಸೂಚನೆ ಮಂಡಿಸಿ, ಘೋಷಿಸುತ್ತದೆ. ಯಾವ ತಪ್ಪಿಗೆ ಹಾಕಬಹುದು ಎಂಬ ಪಟ್ಟಿ ಇದೆ, ಎಂಟು ಬಾಬು. ಆತ ತಿದ್ದಿಕೊಂಡು ಬಂದು ಕೇಳಿದರೆ ಪಾತ್ರೆಯನ್ನು ಮತ್ತೆ ನೆಟ್ಟಗೆ ಮಾಡುವ ವಿಧಿಯೂ ಇದೆ. ಬರ್ಮಾದಲ್ಲಿ 1990ರಲ್ಲಿ ಮಂಡಾಲೆಯ ಭಿಕ್ಷುಗಳು ಸೇನಾಡಳಿತದ ಮೇಲೆ ಇದನ್ನೇ ಪ್ರಯೋಗಿಸಿದರು. 2007ರ ಆಗಸ್ಟ್‌ನಲ್ಲಿ ಇಂಧನದ ಬೆಲೆ ಏಕಾಏಕಿ ಏರಿತು. ಸೆಪ್ಟೆಂಬರ್ 5ರಂದು ಪಕೊಕ್ಕುವಿನಲ್ಲಿ ಭಿಕ್ಷುಗಳ ಮೇಲೆ ಕೈಮಾಡಿದಾಗ ಕ್ಷಮೆ ಕೇಳಲು 17ರವರೆಗೆ ಗಡುವು ಕೊಟ್ಟರು, ಕೇಳದಿದ್ದಾಗ ಪಾತ್ರೆ ಬೋರಲು ಹಾಕಿ ಮೆತ್ತ ಸುತ್ತ ಪಠಿಸುತ್ತಾ ಬೀದಿಗಿಳಿದರು. ತಪ್ಪು ಹೆಸರಿಸಿದ್ದಾರೆ, ಗಡುವು ಕೊಟ್ಟಿದ್ದಾರೆ, ಬಾಗಿಲು ಪೂರ್ತಿ ಮುಚ್ಚಿಲ್ಲ. ನಮ್ಮಲ್ಲಿ ಬಹಿಷ್ಕಾರ ಎಂದರೆ ಸಾಮಾನ್ಯವಾಗಿ ಮೂರನೆಯದೇ ಇರುವುದಿಲ್ಲ. ಮುಂದೆ ಅದೇ ದೇಶದಲ್ಲಿ ಕಾವಿ ತೊಟ್ಟ ಕೆಲವರೇ ಮುಸ್ಲಿಮರ ಮೇಲೆ ದ್ವೇಷ ಉಗುಳಿದ್ದನ್ನೂ ಮರೆಯಬಾರದು. ಚೀವರ ಯಾರಿಗೂ ರಕ್ಷೆಯಲ್ಲ.

ಅಧಿಕಾರದ ಪ್ರಶ್ನೆಗೆ ಬಾಬಾಸಾಹೇಬರ ಕೊನೆಯ ಐದು ವರ್ಷ ನೋಡಿ. ಮದುವೆ, ಆಸ್ತಿ ಹಕ್ಕುಗಳ ಹಿಂದೂ ಸಂಹಿತೆ ಮಸೂದೆ ನೆನೆಗುದಿಗೆ ಬಿದ್ದಾಗ 1951ರ ಸೆಪ್ಟೆಂಬರಿನಲ್ಲಿ ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ. ಮುಂದಿನ ಮಹಾಚುನಾವಣೆಯಲ್ಲಿ ಉತ್ತರ ಮುಂಬಯಿಯಲ್ಲಿ ಸೋಲು. 1954ರಲ್ಲಿ ಭಂಡಾರ ಉಪಚುನಾವಣೆಯಲ್ಲಿ ಮತ್ತೆ ಸೋಲು. ಅದೇ ಅವಧಿಯಲ್ಲಿ ರಾಜ್ಯಸಭೆಯಲ್ಲಿ ಕೂತು ವಾದ ಮಾಡಿದರು, 1955ರಲ್ಲಿ ಭಾರತೀಯ ಬೌದ್ಧ ಮಹಾಸಭಾ ಕಟ್ಟಿದರು, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ. ಆ ಮಸೂದೆ 1955 ಮತ್ತು 56ರಲ್ಲಿ ನಾಲ್ಕು ತುಂಡಾಗಿ ಕಾಯ್ದೆಯಾಯಿತು. ರಾಜಕೀಯ ಬಿಟ್ಟು ಧಮ್ಮಕ್ಕೆ ಹೋದರು ಎಂದು ಓದುವವರಿಗೆ ಈ ತಾರೀಖುಗಳು ಒಗ್ಗುವುದಿಲ್ಲ. ಸಂವಿಧಾನದ ಹಾದಿ ತೆರೆದಿರುವಾಗ ಸತ್ಯಾಗ್ರಹ, ಅಸಹಕಾರಗಳನ್ನೂ ಬಿಡಬೇಕು ಎಂದು ಸಂವಿಧಾನ ಸಭೆಯಲ್ಲಿ ಮಾಡಿದ 1949ರ ನವೆಂಬರ್ 25ರ ಭಾಷಣದಲ್ಲಿ ಅವರೇ ಹೇಳಿದ್ದಾರೆ. ಹಾಗಾಗಿ ಪಾತ್ರೆ ಬೋರಲು ಹಾಕುವುದು ಅರ್ಜಿ, ಮೇಲ್ಮನವಿ, ಕೋರ್ಟು ಎಲ್ಲ ಮುಗಿದ ಮೇಲಿನ ಮಾತು. ಬೌದ್ಧ ಸಂಘಕ್ಕೆ ಕೋರಂ, ಮತದಾನ, ನಿಲುವಳಿ ಎಲ್ಲ ಗೊತ್ತಿತ್ತು ಎಂದು ನೆನಪಿಸಿದ್ದೂ ಅದೇ ಭಾಷಣದಲ್ಲಿ.

ನಮ್ಮ ಕಡೆಯದೂ ಒಂದು ಸೇರಿಸುತ್ತೇನೆ. ಭೀಮಾ ದಂಡೆಯ ಸನ್ನತಿಯಲ್ಲಿ ಸಿಕ್ಕ ಅಶೋಕನ ಕಲ್ಲಿನಲ್ಲಿ 12ನೇ ಶಾಸನದ ಭಾಗ ಇದೆ. ಸಂದರ್ಭವಿಲ್ಲದೆ ತನ್ನ ಪಂಥ ಹೊಗಳುವುದು, ಪರರ ಪಂಥ ತೆಗಳುವುದು ಬೇಡ, ನಾಲಿಗೆಗೆ ಕಡಿವಾಣ ಇರಲಿ ಎಂಬ ಶಾಸನ ಅದು. ಅದೇ ಕಲ್ಲಿನಲ್ಲಿ ಅಧಿಕಾರಿಗಳಿಗೆ ಬರೆದ ಪ್ರತ್ಯೇಕ ಶಾಸನಗಳ ಭಾಗವೂ ಇದೆ. ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ದಣಿವು ಈ ಏಳಿದ್ದರೆ ನ್ಯಾಯ ಕೊಡಲಾಗದು ಎಂದು ಅಶೋಕ ಅವರಿಗೆ ಹೇಳುತ್ತಾನೆ. ಒಡಿಶಾದ ಧೌಲಿಯಲ್ಲಿ ಇದರ ಪಾಠ ಹೆಚ್ಚು ಪೂರ್ತಿಯಾಗಿದೆ. ಕ್ರೌರ್ಯದ ಜೊತೆಗೆ ದಣಿವನ್ನೂ ಕೂರಿಸಿದ್ದಾನೆ ನೋಡಿ. ಕಚೇರಿಗೆ ಹೋಗುವ ಇಬ್ಬರೂ ಪ್ರತಿ ಬಾರಿ ಅವರೇ ಆಗದಿರಲಿ.

ತಿಳಿನೀರು:

ಧನ್ಯವಾದ. ಪಿಂಚಣಿಯಿಂದಲೇ ಶುರು ಮಾಡುತ್ತೇವೆ. ಇನ್ನೆರಡು ಕೇಳುವುದಿದೆ. ನಮ್ಮ ವಾಟ್ಸಾಪ್ ಗುಂಪೇ ಒಂದು ಕುರುಕ್ಷೇತ್ರ ಆಗಿದೆ. ಎರಡನೆಯದು, ಪ್ರಚಾರದ ಹೊತ್ತಿನಲ್ಲಿ ಎರಡೂ ಕಡೆಯವರು ಆಡಬಾರದ ಮಾತು ಆಡಿದ್ದಾರೆ. ಒಬ್ಬರ ಕೈಯಲ್ಲಿದ್ದ ವಿಹಾರದ ವಂತಿಗೆ ದುಡ್ಡಿನ ಬಗ್ಗೆಯೂ ಗುಸುಗುಸು ಇದೆ. ಎಲ್ಲ ಮರೆತು ಮುಂದೆ ಹೋಗೋಣ ಅಂದರೆ ಆಗುತ್ತದಾ?

ಪಾಲಿ ಓದುಗ:

ವಾಟ್ಸಾಪಿಗೆ ಅಭಯರಾಜಕುಮಾರ ಸುತ್ತದ ಜರಡಿ ಹಿಡಿಯಿರಿ: ಮಾತು ನಿಜವೇ, ಹಿತವೇ, ಇದು ಅದರ ಹೊತ್ತೇ. ಕೇಳುವವರಿಗೆ ರುಚಿಸಬೇಕು ಎಂಬ ಷರತ್ತು ಅಲ್ಲಿಲ್ಲ, ಕಹಿ ಸತ್ಯಕ್ಕೂ ಜಾಗ ಇದೆ. ಆದರೆ ಅದಕ್ಕೆ ಹೊತ್ತು ನೋಡಬೇಕು, ರಾತ್ರಿ ಹನ್ನೊಂದೂವರೆ ಆ ಹೊತ್ತಲ್ಲ.

ಖಾಸಗಿ ಗುಸುಗುಸುವನ್ನು ಹಗುರವಾಗಿ ತಗೋಬೇಡಿ. ವಜ್ಜಿ ಗಣರಾಜ್ಯದವರು ಪದೇ ಪದೇ ಸೇರುವವರೆಗೆ, ಒಗ್ಗಟ್ಟಾಗಿ ಸೇರಿ ಒಗ್ಗಟ್ಟಾಗಿ ಏಳುವವರೆಗೆ ಅವರಿಗೆ ಕುಂದಿಲ್ಲ ಎಂದಿದ್ದರು ಬುದ್ಧರು. ಮಗಧದ ರಾಜ ಅಜಾತಶತ್ರುವಿನ ಮಂತ್ರಿ ವಸ್ಸಕಾರ ಅವರನ್ನು ಒಡೆದ ಬಗೆ ಅಟ್ಠಕಥೆಯಲ್ಲಿ, ಅಂದರೆ ಪಾಲಿ ವ್ಯಾಖ್ಯಾನದಲ್ಲಿ, ಇದೆ. ವಜ್ಜಿಗಳ ಪೈಕಿ ಲಿಚ್ಛವಿ ಕುಲದ ಒಬ್ಬನನ್ನು ಪಕ್ಕಕ್ಕೆ ಕರೆದು "ಹೊಲ ಉಳ್ತೀರಾ? ಎರಡು ಎತ್ತು ಕಟ್ಟಿ ಉಳ್ತೀರಾ?" ಎಂದು ಕೇಳಿ ಕಳಿಸುತ್ತಿದ್ದ. "ಏನಂದ?" ಎಂದು ಉಳಿದವರು ಕೇಳಿದರೆ ಅವನು ಇದ್ದದ್ದನ್ನೇ ಹೇಳುತ್ತಿದ್ದ, ಯಾರೂ ನಂಬುತ್ತಿರಲಿಲ್ಲ. ಮೂರು ವರ್ಷದಲ್ಲಿ ಸಭೆಯ ಭೇರಿ ಬಾರಿಸಿದರೂ ಒಬ್ಬನೂ ಬರದಂತಾಯಿತು. ಹಾಗಾಗಿ ಗುಂಪಿನ ವಿಷಯ ಗುಂಪಿನಲ್ಲಿ ಮಾತ್ರ, ಇಬ್ಬಿಬ್ಬರ ಇನ್‌ಬಾಕ್ಸಿನಲ್ಲಿ ಬೇಡ ಎಂದು ನಿಯಮ ಮಾಡಿ.

ಎಲ್ಲ ಮರೆಯುವುದಕ್ಕೆ ವಿನಯದಲ್ಲಿ ತಿಣವತ್ಥಾರಕ ಎಂಬ ವಿಧಿ ಇದೆ, ಹೊಲಸಿನ ಮೇಲೆ ಹುಲ್ಲು ಹೊದಿಸುವುದು. ಜಗಳ ಕೆದಕಿದಷ್ಟೂ ನಾರುತ್ತದೆ ಅನಿಸಿದಾಗ ಎಲ್ಲರೂ ಒಂದೆಡೆ ಸೇರಬೇಕು. ಎರಡೂ ಕಡೆಯಿಂದ ತಿಳಿದವರೊಬ್ಬೊಬ್ಬರು ಎದ್ದು, ತಮ್ಮ ಕಡೆಯವರ ತಪ್ಪನ್ನೂ ತನ್ನ ತಪ್ಪನ್ನೂ ಒಟ್ಟಾಗಿ ಒಪ್ಪಿಕೊಳ್ಳುತ್ತಾರೆ. ಯಾರು ಯಾರಿಗೆ ಏನಂದರು ಎಂದು ಬಿಡಿಬಿಡಿಯಾಗಿ ಎಣಿಸುವುದಿಲ್ಲ. ನಿಮ್ಮ ಪ್ರಚಾರದ ಬಾಯಿಮಾತುಗಳು ಈ ಹುಲ್ಲಿನ ಕೆಳಗೆ ಹೋಗಲಿ.

ಆದರೆ ಹುಲ್ಲಿಗೆ ಎರಡು ವಿನಾಯಿತಿ ಇದೆ: ಭಾರೀ ತಪ್ಪುಗಳು, ಮತ್ತು ಗೃಹಸ್ಥರಿಗೆ ಸಂಬಂಧಿಸಿದ ತಪ್ಪುಗಳು. ಅದು ಭಿಕ್ಷುಗಳ ನಿಯಮವೇ ಆದರೂ ಊರವರ ವಂತಿಗೆ ದುಡ್ಡನ್ನು ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಅದನ್ನು ಹುಲ್ಲು ಹೊದಿಸುವ ದಿನ ಎತ್ತಬೇಡಿ, ಬೇರೆ ದಿನ ಗೊತ್ತುಮಾಡಿ. ರಸೀದಿ ಪುಸ್ತಕದ ಅಡಿಪ್ರತಿ, ಪಾಸ್‌ಬುಕ್ಕು, ಖರ್ಚಿನ ಚೀಟಿ ಮೂರನ್ನೂ ಆ ವ್ಯಕ್ತಿಯ ಎದುರೇ ತಾಳೆ ನೋಡಿ. ಲೆಕ್ಕ ಬರೆಯುವವರು ಒಬ್ಬರು ಈ ಹೋಳಿನವರು, ಒಬ್ಬರು ಆ ಹೋಳಿನವರು. ಲೆಕ್ಕ ಕೂಡಿದರೆ ಹಾಗೆಂದು ಅವತ್ತೇ ಗುಂಪಿನಲ್ಲಿ ಹಾಕಿ, ಗುಸುಗುಸು ಎಬ್ಬಿಸಿದವರ ಕೈಯಿಂದಲೇ ಹಾಕಿಸಿದರೆ ಇನ್ನೂ ಒಳ್ಳೆಯದು.